ಸ್ಟೆಮ್ ಸೆಲ್ ಕರೆಸುವ ವಸ್ತು ಇಟ್ಟರೆ ಸೊಂಟದ ಎಲುಬು ತೆಗೆಯೋದು ತಪ್ಪುತ್ತದಾ?

ನಿಮ್ಮ ತಂದೆಯ ಮೊಣಕಾಲ ಕೆಳಗಿನ ಎಲುಬು ಒಂಬತ್ತು ತಿಂಗಳಾದರೂ ಕೂಡಿಲ್ಲ, ಡಾಕ್ಟರು ಸೊಂಟದಿಂದ ಎಲುಬು ತೆಗೆದು ಹಾಕೋಣ ಅಂದಿದ್ದಾರೆ, ಅದರ ಬದಲು ಸ್ಟೆಮ್ ಸೆಲ್ಲುಗಳನ್ನು, ಅಂದರೆ ಎಲುಬಿನ ಕೋಶವೂ ಆಗಬಲ್ಲ ಮೂಲ ಜೀವಕೋಶಗಳನ್ನು, ಮುರಿದ ಜಾಗಕ್ಕೆ ಕರೆಸುವ ಈ ಹೊಸ ವಸ್ತು ಸಾಕಲ್ವಾ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆಯಲ್ಲಿ ಎಲುಬಿನ ಡಾಕ್ಟರ್. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರಿಗೆ ಬೈಕ್ ಗುದ್ದಿ ಇದೇ ಎಲುಬು ಮುರಿದುಕೊಂಡು ಬರುವವರನ್ನು ನೋಡುತ್ತಲೇ ಇರುತ್ತೇನೆ. ನನ್ನ ಉತ್ತರ: ಸೊಂಟದ ಎಲುಬಿಗೇ ಒಪ್ಪಿಕೊಳ್ಳಿ.

ಹಾಗಂತ ಆ ವಸ್ತುವಿನ ಮಾತು ಸುಳ್ಳಲ್ಲ. 1965ರಲ್ಲಿ ಅಮೆರಿಕದ ಸರ್ಜನ್ ಮಾರ್ಷಲ್ ಯೂರಿಸ್ಟ್, ಖನಿಜಾಂಶ ತೆಗೆದ ಎಲುಬನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟು ನೋಡಿದರು. ಎಲುಬೇ ಇರದ ಆ ಜಾಗದಲ್ಲಿ ಹೊಸ ಎಲುಬು ಹುಟ್ಟಿತು! ಒಳಗಿದ್ದ ಬಿಎಂಪಿ ಅನ್ನೋ ಪ್ರೋಟೀನು ಸುತ್ತಲಿನ ಜೀವಕೋಶಗಳನ್ನು ಎಲುಬು ಕಟ್ಟುವ ಕೆಲಸಕ್ಕೆ ಹಚ್ಚಿತ್ತು. ಈಗ ಬಿಎಂಪಿ-2 ಪ್ರೋಟೀನನ್ನು ಕೊಲಾಜನ್ ಸ್ಪಂಜಿನಲ್ಲಿ ನೆನೆಸಿ ಇಡುತ್ತಾರೆ, ಅಮೆರಿಕದಲ್ಲಿ 2004ರಲ್ಲಿ ಗಾಯ ತೆರೆದುಕೊಂಡ ಹೊಸ ಟಿಬಿಯಾ (ಮೊಣಕಾಲ ಕೆಳಗಿನ ದಪ್ಪ ಎಲುಬು) ಮುರಿತಕ್ಕೆ ಅನುಮತಿಯೂ ಸಿಕ್ಕಿತು. ಆದರೆ ತುಂಬಾ ದುಬಾರಿ, ಬಾವೂ ಬರುತ್ತದೆ. ಕುತ್ತಿಗೆಯ ಆಪರೇಷನ್ನಿನಲ್ಲಿ ಬಳಸಿದಾಗ ಕೆಲವರಿಗೆ ಉಸಿರಾಟಕ್ಕೇ ಕಷ್ಟವಾಗಿ 2008ರಲ್ಲಿ ಅಲ್ಲಿನ ಸರ್ಕಾರ ಎಚ್ಚರಿಕೆ ಕೊಟ್ಟಿತು. ಇನ್ನೊಂದು ದಾರಿಯೂ ಇದೆ. ಗಾಯವಾದಾಗ ದೇಹ ತಾನೇ ಬಿಡುವ ಎಸ್‌ಡಿಎಫ್-1 ಅನ್ನೋ ಪ್ರೋಟೀನನ್ನು ಜೆಲ್‌ನಲ್ಲಿಟ್ಟು ನಿಧಾನಕ್ಕೆ ಹೊರಬಿಟ್ಟರೆ ಸ್ಟೆಮ್ ಸೆಲ್‌ಗಳು ಆ ಕಡೆ ಸರಿದು ಬರುತ್ತವೆ. ಇದು ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗದ ಮಟ್ಟದಲ್ಲೇ ಇದೆ.

ಕರೆದ ಜೀವಕೋಶ ಬಂದರೆ ಸಾಲದು, ಬಂದಲ್ಲಿ ಬದುಕಬೇಕು. ಅದಕ್ಕೆ ರಕ್ತ ಹರಿಯಬೇಕು, ಮುರಿದ ತುದಿಗಳು ಅಲುಗಾಡಬಾರದು, ಒಳಗೆ ಕೀವು ಇರಬಾರದು. ಒಂಬತ್ತು ತಿಂಗಳು ಕೂಡದ ಎಲುಬಿನಲ್ಲಿ ಇವುಗಳಲ್ಲಿ ಯಾವುದೋ ಒಂದು ಕೆಟ್ಟಿರೋದೇ ಜಾಸ್ತಿ, ಅದನ್ನು ಸರಿಪಡಿಸದೆ ಯಾವ ದುಬಾರಿ ಸ್ಪಂಜು ಇಟ್ಟರೂ ದುಡ್ಡು ದಂಡ. ಸೊಂಟದ ಎಲುಬಿನಲ್ಲಿ ಜೀವಂತ ಕೋಶ, ಪ್ರೋಟೀನು, ಹೊಸ ಎಲುಬು ಬೆಳೆಯಲು ಬೇಕಾದ ಚೌಕಟ್ಟು ಮೂರೂ ಇರುತ್ತವೆ, ಅದೂ ಅವರದೇ ದೇಹದ್ದು. ತೆಗೆದ ಜಾಗ ಕೆಲವು ವಾರ, ಕೆಲವರಿಗೆ ಇನ್ನೂ ಜಾಸ್ತಿ ದಿನ ನೋಯುತ್ತದೆ, ಅದು ನಿಜ. ಎಲುಬು ಸಾಲದಿದ್ದರೆ ಕ್ಯಾಲ್ಸಿಯಂ ಫಾಸ್ಫೇಟ್ ಹರಳು ಬೆರೆಸುತ್ತಾರೆ, ಆದರೆ ಅದು ಬರೀ ಚೌಕಟ್ಟು.

ಯಾರಾದರೂ ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಲಕ್ಷಗಟ್ಟಲೆ ಕೇಳಿದರೆ ದಯವಿಟ್ಟು ಕೊಡಬೇಡಿ. ಆಪರೇಷನ್ನಿಗೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ: ಎಲುಬಿಗೆ ಹಾಕಿದ ರಾಡು ಸಡಿಲಾಗಿದೆಯಾ, ಕೀವು ಇದೆಯಾ ಅಂತ ನೋಡಲು ಸಿಆರ್‌ಪಿ, ಇಎಸ್‌ಆರ್ ರಕ್ತ ಪರೀಕ್ಷೆ ಮಾಡಿಸಿದ್ದಾರಾ, ಶುಗರ್ ಎಷ್ಟಿದೆ? ತಂದೆಯವರು ಬೀಡಿ ಸೇದುತ್ತಿದ್ದರೆ ಇವತ್ತೇ ಬಿಡಿಸಿ, ಎಲುಬು ಕೂಡೋದನ್ನು ಅದು ತಡೆಯುತ್ತದೆ.