ಸಣ್ಣ ಕನ್‌ಸ್ಟ್ರಕ್ಷನ್ ಆಫೀಸಿನಲ್ಲಿ ಬರೆಯುವ ಕೆಲಸದ ಖರ್ಚು ಕಡಿಮೆ ಮಾಡುವುದು ಹೇಗೆ?

ಮೂರು ಸೈಟ್, ಆಫೀಸಿನಲ್ಲಿ ಇಬ್ಬರು, ಇಬ್ಬರೂ ಬೆಳಿಗ್ಗೆಯಿಂದ ಸಂಜೆವರೆಗೆ ಹಾಜರಿ, ಚಲನ್ (ಮಾಲಿನ ಜೊತೆ ಬರುವ ಚೀಟಿ), ಬಿಲ್ಲು ಅಂತ ಬರೆಯುತ್ತಲೇ ಇರುತ್ತಾರೆ, ಸಾಫ್ಟ್‌ವೇರ್ ತಗೊಂಡರೆ ಒಬ್ಬರನ್ನು ಕಡಿಮೆ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಕಂಟ್ರಾಕ್ಟರುಗಳ ಲೆಕ್ಕ ನೋಡಿಕೊಳ್ಳುವವನು. ಸಾಫ್ಟ್‌ವೇರ್ ಆಮೇಲೆ. ಒಂದೇ ಅಂಕಿಯನ್ನು ನಿಮ್ಮಲ್ಲಿ ಎಷ್ಟು ಸಲ ಬರೆಯುತ್ತಾರೆ, ಮೊದಲು ಅದನ್ನು ನೋಡಿ.

ಒಂದು ಲೋಡ್ ಎಂ-ಸ್ಯಾಂಡ್ ಬಂತು ಅಂದುಕೊಳ್ಳಿ. ವಾಚ್‌ಮನ್ ಲಾರಿ ನಂಬರ್ ಬರೆದುಕೊಳ್ಳುತ್ತಾನೆ. ಸೂಪರ್‌ವೈಸರ್ ಸ್ಟಾಕ್ ಪುಸ್ತಕದಲ್ಲಿ ಬರೆಯುತ್ತಾನೆ. ಚಲನ್ ಫೋಟೋ ವಾಟ್ಸಾಪ್ ಗ್ರೂಪಿಗೆ ಬರುತ್ತದೆ, ಅದನ್ನು ನೋಡಿ ಆಫೀಸಿನವರು ಎಕ್ಸೆಲ್‌ಗೆ ಹಾಕುತ್ತಾರೆ. ಬಿಲ್ಲು ಬಂದ ಮೇಲೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಮತ್ತೊಂದು ಸಲ. ಇಷ್ಟೆಲ್ಲ ಮಾಡಿಯೂ ಬಿಲ್ಲಿನಲ್ಲಿ ಹತ್ತು ಲೋಡ್, ಪುಸ್ತಕದಲ್ಲಿ ಒಂಬತ್ತು ಅಂತಾದರೆ, ಗುಡ್ ಮಾರ್ನಿಂಗ್ ಹೂವುಗಳ ನಡುವೆ ಆ ಚಲನ್ ಹುಡುಕುತ್ತಾ ಕೂರಬೇಕು. ನಿಮ್ಮವರ ಅರ್ಧ ದಿನ ಹೋಗುವುದು ಇಲ್ಲೇ.

ಇದಕ್ಕೆ ಗೂಗಲ್ ಫಾರ್ಮ್ ಸಾಕು. ಲಾರಿ ಸೈಟಿನಲ್ಲಿ ನಿಂತಿರುವಾಗಲೇ ಸೂಪರ್‌ವೈಸರ್ ಮೊಬೈಲಿನಲ್ಲಿ ಸೈಟ್, ಸಪ್ಲೈಯರ್, ಲಾರಿ ನಂಬರ್, ಟನ್ ತುಂಬಿ, ಚಲನ್ ಜೊತೆ ತೂಕದ ಚೀಟಿಯ ಫೋಟೋನೂ ಹಾಕಲಿ. ಫಾರ್ಮಿಗೆ ಜೋಡಿಸಿದ ಗೂಗಲ್ ಶೀಟಿನಲ್ಲಿ ಒಂದು ಲೋಡಿಗೆ ಒಂದು ಸಾಲು. ಸಪ್ಲೈಯರ್ ಹೆಸರು ಟೈಪ್ ಮಾಡಲು ಬಿಡಬೇಡಿ, ಪಟ್ಟಿಯಿಂದಲೇ ಆರಿಸುವಂತೆ ಇಡಿ. ಇಲ್ಲದಿದ್ದರೆ ಒಬ್ಬನೇ ಸಪ್ಲೈಯರ್ ನಾಲ್ಕು ಹೆಸರಿನಲ್ಲಿ ಸಿಗುತ್ತಾನೆ. ಮುಖ್ಯವಾಗಿ, ಇದು ಶುರುವಾದ ದಿನವೇ ಹಳೆಯ ಸ್ಟಾಕ್ ಪುಸ್ತಕ ನಿಲ್ಲಿಸಿ. ಎರಡೂ ಇರಲಿ ಅಂದರೆ ಕೆಲಸ ಜಾಸ್ತಿಯಾಯಿತು ಅಷ್ಟೇ.

ಹಾಜರಿಯದೂ ಇದೇ ಕಥೆ. ಮೇಸ್ತ್ರಿ ಪುಸ್ತಕ ಒಂದು, ಸೂಪರ್‌ವೈಸರ್ ಪುಸ್ತಕ ಇನ್ನೊಂದು, ಶನಿವಾರ ಬಟವಾಡೆ ಹೊತ್ತಿಗೆ ಅರ್ಧ ದಿನ, ಓಟಿ ಅಂತ ಜಗಳ. ಬೆಳಿಗ್ಗೆ ಹತ್ತರೊಳಗೆ ಸೂಪರ್‌ವೈಸರ್ ಒಂದೇ ಶೀಟಿಗೆ ಹಾಕಿ, ಆಗಲೇ ಮೇಸ್ತ್ರಿಗೆ ತೋರಿಸಲಿ. ಅರ್ಧ ದಿನ, ಓಟಿ ಸಂಜೆ ಸೇರಿಸಲಿ. ಕೊಟ್ಟ ಅಡ್ವಾನ್ಸೂ ಅದೇ ಶೀಟಿನಲ್ಲಿರಲಿ.

ಕ್ಲರ್ಕ್ ಸಂಬಳಕ್ಕಿಂತ ದೊಡ್ಡ ಸೋರಿಕೆ ಜಿಎಸ್‌ಟಿಯಲ್ಲಿದೆ. ನೀವು ವರ್ಕ್ಸ್ ಕಾಂಟ್ರಾಕ್ಟ್ (ಮಾಲು, ಕೆಲಸ ಎರಡೂ ಸೇರಿದ ಗುತ್ತಿಗೆ) ಮಾಡಿ 18% ಜಿಎಸ್‌ಟಿ ಕಟ್ಟುವವರಾದರೆ, 5 ಲಕ್ಷದ ಕಬ್ಬಿಣಕ್ಕೆ ಕೊಟ್ಟ 90,000 ರೂಪಾಯಿ ತೆರಿಗೆ ನಿಮಗೆ ಕ್ರೆಡಿಟ್ ಆಗಬೇಕಲ್ವಾ, ಅಂದರೆ ನೀವು ಕಟ್ಟುವ ತೆರಿಗೆಯಲ್ಲಿ ಕಳೆಯಬೇಕಲ್ವಾ? ಸಪ್ಲೈಯರ್ ರಿಟರ್ನ್‌ನಲ್ಲಿ ಆ ಬಿಲ್ಲು ತೋರಿಸದಿದ್ದರೆ ನಿಮ್ಮ 2ಬಿಯಲ್ಲಿ (ನಿಮಗೆ ಸಿಗುವ ಕ್ರೆಡಿಟ್ಟಿನ ಪಟ್ಟಿ, ಜಿಎಸ್‌ಟಿ ಪೋರ್ಟಲಿನಲ್ಲಿ ಬರುತ್ತದೆ) ಅದು ಬರುವುದೇ ಇಲ್ಲ, ಕ್ರೆಡಿಟ್ಟೂ ಸಿಗುವುದಿಲ್ಲ. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ 2ಬಿ ಬರುವುದು 14ಕ್ಕೆ, ತೆರಿಗೆ ಕಟ್ಟುವ ರಿಟರ್ನ್ ಆದ 3ಬಿಗೆ ಕೊನೆಯ ದಿನ 20. ನಡುವಿನ ದಿನಗಳಲ್ಲಿ ಆಫೀಸಿನವರು ಖರೀದಿ ಪಟ್ಟಿ ಹಿಡಿದು ತಾಳೆ ನೋಡಿ, ಬಿಲ್ಲು ತೋರಿಸದವರಿಗೆ ಫೋನ್ ಮಾಡಬೇಕು. ಚಲನ್ ಹುಡುಕುವ ಕೆಲಸ ತಪ್ಪಿದರೆ ಇದಕ್ಕೆ ಪುರುಸೊತ್ತು ಸಿಗುತ್ತದೆ. ಟಿಡಿಎಸ್, ಪಿಎಫ್ ಫೈಲಿಂಗ್ ಆಡಿಟರ್‌ಗೆ ಬಿಡಿ, ಸುಮ್ನೆ ಒಳಗೆ ಎಳೆದುಕೊಳ್ಳಬೇಡಿ.

ಇನ್ನು ಸಾಫ್ಟ್‌ವೇರ್. ಮೂರು ಸೈಟಿಗೆ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆರು ತಿಂಗಳು ಶೀಟ್ ಸರಿಯಾಗಿ ತುಂಬಿದರೆ ಆಮೇಲೆ ಯೋಚಿಸಿ. ಸೂಪರ್‌ವೈಸರ್ ಶೀಟೇ ತುಂಬದಿದ್ದರೆ ಆ್ಯಪೂ ತುಂಬುವುದಿಲ್ಲ.

ಒಬ್ಬರನ್ನು ತೆಗೆಯುವುದಕ್ಕಂತೂ ನಾನು ಹೂಂ ಅನ್ನುವುದಿಲ್ಲ. ಅವರನ್ನು ವಾರಕ್ಕೆ ಎರಡು ದಿನ ಇಂಜಿನಿಯರ್ ಜೊತೆ ಸೈಟಿಗೆ ಕಳಿಸಿ, ಅಳತೆ ಅಲ್ಲೇ ಶೀಟಿಗೆ ಹತ್ತಲಿ. ಆರ್‌ಎ ಬಿಲ್ಲು (ಅಲ್ಲಿಯವರೆಗೆ ಆದ ಕೆಲಸದ ಅಳತೆಗೆ ಹಾಕುವ ಬಿಲ್ಲು) ಹದಿನೈದು ದಿನ ಮೊದಲು ಹೋದರೆ, ಅಷ್ಟು ದಿನ ನೀವು ಕೈಸಾಲಕ್ಕೆ ಕಟ್ಟುವ ಬಡ್ಡಿ ಉಳಿಯುತ್ತದೆ. ಅದನ್ನು ಅವರ ಸಂಬಳದ ಪಕ್ಕ ಇಟ್ಟು ನೋಡಿ, ಆಮೇಲೆ ತೀರ್ಮಾನ ಮಾಡಿ.