ವೇಳಾಪಟ್ಟಿಯ ಬಲ ಒಂದೊಂದು ಕಡೆ ಒಂದೊಂದು ಥರ ಯಾಕೆ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅಲಬಾಮಾ, ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ) ತಂಡಗಳನ್ನು ಹೋಲಿಸುತ್ತಾ, 2024ರ ಅಲಬಾಮಾ ವೇಳಾಪಟ್ಟಿಯ ಬಲ, ಅಂದರೆ ಎದುರಾಳಿಗಳು ಎಷ್ಟು ಗಟ್ಟಿ ಎಂಬ ಅಳತೆ, ಎರಡು ಪಟ್ಟಿಗಳಲ್ಲಿ ಬೇರೆ ಬೇರೆ ಇದೆ ಅಂದಿದ್ದೀರಿ. ಬಹುಶಃ ಒಂದರಲ್ಲಿ ಎದುರಾಳಿಗಳ ಬರೀ ಸೋಲು-ಗೆಲುವು, ಇನ್ನೊಂದರಲ್ಲಿ ರೇಟಿಂಗ್ ಹಿಡಿದಿದ್ದಾರೆ. ಎರಡನ್ನೂ ಬೆರೆಸಬೇಡಿ.

ನೀವೇ ಲೆಕ್ಕ ಹಾಕಿ. ಮೊದಲು ಎಫ್‌ಸಿಎಸ್ (ಒಂದು ಮೆಟ್ಟಿಲು ಕೆಳಗಿನ ವಿಭಾಗ) ತಂಡಗಳನ್ನು ಕೈಬಿಡಿ: ಅಲಬಾಮಾಗೆ ಮರ್ಸರ್, ಎಸ್‌ಎಂಯುಗೆ ಹ್ಯೂಸ್ಟನ್ ಕ್ರಿಶ್ಚಿಯನ್. ಆಮೇಲೆ ಪ್ರತಿ ಎದುರಾಳಿಯ ದಾಖಲೆಯಿಂದ ನಿಮ್ಮ ತಂಡದ ಜೊತೆಗಿನ ಪಂದ್ಯವನ್ನು ಕಳೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಕಳೆಯದಿದ್ದರೆ ಹೆಚ್ಚು ಗೆದ್ದ ತಂಡದ ಎದುರಾಳಿಗಳೆಲ್ಲ, ನಿಮ್ಮವರೇ ಕೊಟ್ಟ ಸೋಲಿನಿಂದ, ಇದ್ದದ್ದಕ್ಕಿಂತ ದುರ್ಬಲರಾಗಿ ಕಾಣುತ್ತಾರೆ. ಈಗ ಎಲ್ಲ ಎದುರಾಳಿಗಳ ಒಟ್ಟು ಗೆಲುವಿನ ಪ್ರಮಾಣಕ್ಕೆ ಮೂರರಲ್ಲಿ ಎರಡು ಪಾಲು, ಎದುರಾಳಿಗಳ ಎದುರಾಳಿಗಳದ್ದಕ್ಕೆ ಒಂದು ಪಾಲು ತೂಕ ಕೊಡಿ. ಪ್ಲೇಆಫ್‌ಗೆ ಮೊದಲಿದ್ದ ಆಯ್ಕೆ ಪದ್ಧತಿ ಬಿಸಿಎಸ್ ಒಂದು ಕಾಲದಲ್ಲಿ ಬಳಸುತ್ತಿದ್ದದ್ದು ಇದೇ ಅನುಪಾತ.

ಪ್ಲೇಆಫ್‌ಗೆ (ಚಾಂಪಿಯನ್‌ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತು) ಯಾರು ಅರ್ಹರು ಎಂಬ ವಾದಕ್ಕೆ ಇದೊಂದೇ ಸಾಲದು. ತಂಡಗಳನ್ನು ಆರಿಸುವ ಸಮಿತಿಗೆ ಸ್ಥಿರ ಸೂತ್ರವಿಲ್ಲ. ಅಲಬಾಮಾ ಜಾರ್ಜಿಯಾವನ್ನು 41-34ರಲ್ಲಿ ಮಣಿಸಿತ್ತು. ಆದರೆ ಲೀಗ್ ಹಂತವನ್ನು 6-6ರಲ್ಲಿ (6 ಗೆಲುವು, 6 ಸೋಲು) ಮುಗಿಸಿದ ವ್ಯಾಂಡರ್‌ಬಿಲ್ಟ್, ಓಕ್ಲಹೋಮಾ ಎರಡಕ್ಕೂ ಸೋತಿತ್ತು. 9-3ರ ಅಲಬಾಮಾ ಹೊರಗುಳಿದು 11-2ರ ಎಸ್‌ಎಂಯು ಒಳಹೋಯಿತು. ಆಗಿನ ಕೋಚ್‌ಗಳಾದ ಡಿಬೋರ್ (ಅಲಬಾಮಾ), ಲ್ಯಾಶ್ಲೀ (ಎಸ್‌ಎಂಯು) ಬಳಗಗಳನ್ನು ಹೋಲಿಸುವಾಗಲೂ ಬಲದ ಅಂಕಿಯ ಪಕ್ಕದಲ್ಲೇ ಯಾರನ್ನು ಗೆದ್ದರು, ಯಾರಿಗೆ ಸೋತರು, ಎಲ್ಲಿ ಎಂಬ ಮೂರು ಕಾಲಂ ಇಡಿ.