ಎಲೆಕ್ಟ್ರಿಕ್ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಗಿದೆಯೇ? ಏರ್ ತೆಗೆಸುವ ಮೊದಲು ಇದನ್ನು ನೋಡಿ

ಪ್ರಶ್ನೆ: ನಮ್ಮ ಎಲೆಕ್ಟ್ರಿಕ್ ಕಾರಿಗೆ ಮೂರು ವರ್ಷ, 34,000 ಕಿ.ಮೀ. ಓಡಿದೆ. ನಾಲ್ಕು ಚಕ್ರಕ್ಕೂ ಡಿಸ್ಕ್ ಉಂಟು. ಮಳೆಗಾಲ ಮುಗಿದ ಮೇಲೆ ಬ್ರೇಕ್ ಪೆಡಲ್ ಮೊದಲ ಸಲ ಒತ್ತಿದಾಗ ತುಂಬ ಒಳಗೆ ಹೋಗುತ್ತದೆ, ಕೂಡಲೇ ಇನ್ನೊಮ್ಮೆ ಒತ್ತಿದರೆ ಗಟ್ಟಿ. ಎರಡು ಸಲ ಬ್ರೇಕ್ ಆಯಿಲಿನಲ್ಲಿ ಸಿಕ್ಕಿದ ಏರ್ ತೆಗೆಸಿದೆ, ಗುಣವಾಗಲಿಲ್ಲ. ಪ್ಯಾಡ್ ಇನ್ನೂ ಹೊಸದರಂತೆ ಉಂಟು ಎನ್ನುತ್ತಾರೆ. ಏನು ಮಾಡುವುದು?
ಓದುಗರು, ಸುರತ್ಕಲ್

ಉತ್ತರ: ಮೂರನೇ ಸಲ ಏರ್ ತೆಗೆಸಬೇಡಿ. ಪೆಡಲ್ ಮೆತ್ತಗಾಗಿದೆ ಎಂದು ನಾವು ಹೇಳುವ ಒಂದೇ ಮಾತಿನಲ್ಲಿ ಮೂರು ಬೇರೆ ದೋಷಗಳಿವೆ. ಯಾವುದೆಂದು ತಿಳಿಯಲು ಒಂದು ಸ್ಪ್ಯಾನರ್ ಕೂಡ ಬೇಡ.

ಸಮತಟ್ಟು ಜಾಗದಲ್ಲಿ ಗಾಡಿಯನ್ನು ಪಾರ್ಕ್‌ನಲ್ಲಿಟ್ಟು, ಆನ್ ಮಾಡಿ, ಪೆಡಲನ್ನು ಒಂದೇ ಒತ್ತಡದಲ್ಲಿ 30 ಸೆಕೆಂಡು ಹಿಡಿಯಿರಿ. ನಿಧಾನವಾಗಿ ಕೆಳಗೆ ಜಾರಿದರೆ ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೋತಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಆಗ ಗಾಡಿ ಓಡಿಸಲೇಬೇಡಿ, ಫ್ಲಾಟ್‌ಬೆಡ್ ಲಾರಿಯಲ್ಲಿ ಸಾಗಿಸಿ. ಜಾರದೆ ಸ್ಪಂಜಿನ ಹಾಗೆ ಅಮುಕಿಕೊಂಡರೆ ಏರ್ ಇರಬಹುದು, ಆಯಿಲಿನ ರಬ್ಬರ್ ಹೋಸ್ ಉಬ್ಬುತ್ತಿರಬಹುದು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಓರೆಯಾಗಿ ಹಿಡಿಯುತ್ತಿರಬಹುದು. ಮೊದಲ ಸಲ ಖಾಲಿ ಹೋಗಿ ಎರಡನೇ ಸಲ ಗಟ್ಟಿಯಾಗುವುದು ಮೂರನೆಯದು: ಚಕ್ರದೊಡನೆ ತಿರುಗುವ ಡಿಸ್ಕಿಗೂ ಅದನ್ನು ಹಿಡಿಯುವ ಪ್ಯಾಡಿಗೂ ನಡುವೆ ಅಂತರ ಹೆಚ್ಚಾಗಿದೆ. ನಿಮ್ಮದು ಇದೇ ಇರುವ ಸಾಧ್ಯತೆ ಹೆಚ್ಚು.

ಖಚಿತ ಮಾಡಿಕೊಳ್ಳಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಗಾಡಿಯನ್ನು ಅಲುಗಿಸದೆ ಐದು ನಿಮಿಷ ಬಿಟ್ಟು ಮತ್ತೆ ಒತ್ತಿ ನೋಡಿ. ನಿಂತಲ್ಲೇ ಮತ್ತೆ ಮೆತ್ತಗಾದರೆ ಏರ್ ಎನ್ನಬಹುದು. ಗಟ್ಟಿಯಾಗಿಯೇ ಇದ್ದು, ಖಾಲಿ ಮೈದಾನದಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿದ ಮೇಲಷ್ಟೇ ಮೆತ್ತಗಾದರೆ ತಿರುಗುವ ಡಿಸ್ಕೇ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತಿದೆ. ಇದಕ್ಕೆ ಎಷ್ಟು ಬ್ರೇಕ್ ಆಯಿಲ್ ಹರಿಸಿದರೂ ಫಲವಿಲ್ಲ.

ಪ್ಯಾಡ್ ಹೊಸದರಂತೆ ಇರುವುದು ಖುಷಿಪಡುವ ವಿಷಯವಲ್ಲ, ಅದೇ ಇಲ್ಲಿ ಸುಳಿವು. ಎಲೆಕ್ಟ್ರಿಕ್ ಕಾರಿನಲ್ಲಿ ದಿನದ ಹೆಚ್ಚಿನ ಬ್ರೇಕ್ ಕೆಲಸ ಮೋಟಾರೇ ಮಾಡುತ್ತದೆ, ಆ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ಪ್ಯಾಡ್ ಉಜ್ಜುವುದೇ ಅಪರೂಪ. ಪೆಟ್ರೋಲ್ ಕಾರಿನ ಡಿಸ್ಕಿನ ತುಕ್ಕು ಪ್ರತಿದಿನ ಉಜ್ಜಿ ಹೋಗುತ್ತದೆ, ಇಲ್ಲಿ ಹೋಗುವುದಿಲ್ಲ. ಮೇಲಿಂದ ಸುರತ್ಕಲ್, ಪಣಂಬೂರು, ಮಲ್ಪೆಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಡಿಸ್ಕಿನ ಮೇಲೆ ತುಕ್ಕಿನ ಪದರ ಏಳುತ್ತದೆ, ಕ್ಯಾಲಿಪರ್ ಸರಿದಾಡಲು ಇರುವ ಸ್ಲೈಡ್ ಪಿನ್ ಕಚ್ಚಿಕೊಳ್ಳುತ್ತದೆ.

ರಿಪೇರಿಗೆ ಗಾಡಿ ಎತ್ತುವಾಗ ಜ್ಯಾಕನ್ನು ಕಂಪನಿ ಗುರುತಿಸಿದ ಜಾಗಕ್ಕೇ ಕೊಡಬೇಕು. ನಡುವೆ ಇರುವುದು ಬ್ಯಾಟರಿ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಮುಟ್ಟಬಾರದು. ಮೊದಲು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲವಾಗಿ ಅಲುಗಿದರೆ ಚಕ್ರದ ಬೇರಿಂಗ್ ಅನುಮಾನ. ಆಮೇಲೆ ಡಯಲ್ ಗೇಜ್ (ಮುಳ್ಳಿನ ಸೂಕ್ಷ್ಮ ಅಳತೆ ಸಾಧನ) ಇಟ್ಟು ಡಿಸ್ಕಿನ ಓಲಾಟ ಅಳೆಯಬೇಕು. ಸಾಮಾನ್ಯವಾಗಿ 0.1 ಮಿ.ಮೀ.ಗಿಂತ ಕಡಿಮೆ ಇರಬೇಕು, ನಿಮ್ಮ ಗಾಡಿಯ ಮಿತಿ ಸರ್ವಿಸ್ ಮ್ಯಾನುವಲ್‌ನಲ್ಲಿರುತ್ತದೆ. ಹೆಚ್ಚಿದ್ದರೆ ಕೂಡಲೇ ಹೊಸ ಡಿಸ್ಕ್ ಕೊಳ್ಳಬೇಡಿ. ಡಿಸ್ಕ್ ಬಿಚ್ಚಿ, ಅದು ಕೂರುವ ಹಬ್ಬಿನ (ಚಕ್ರದ ನಡುವಿನ ಭಾಗದ) ಮುಖ ನೋಡಿ. ಅಲ್ಲಿ ತುಕ್ಕಿನ ಒಂದು ಚೂರು ಕುಳಿತರೂ ಡಿಸ್ಕ್ ಓರೆ ತಿರುಗುತ್ತದೆ. ವೈರ್ ಬ್ರಷ್‌ನಿಂದ ಪೂರ್ತಿ ಉಜ್ಜಿ, ಕೂರಿಸಿ, ಮತ್ತೆ ಅಳೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಸರಿಯಾಗುತ್ತದೆ.

ಸ್ಲೈಡ್ ಪಿನ್‌ಗಳನ್ನು ಹೊರಗೆಳೆದು ಒರೆಸಿ. ಗುಳಿ ಬಿದ್ದಿದ್ದರೆ ಹೊಸ ಪಿನ್, ರಬ್ಬರ್ ಕವಚ ಹರಿದಿದ್ದರೆ ಹೊಸ ಕವಚ. ಹಚ್ಚಬೇಕಾದದ್ದು ಬ್ರೇಕಿನ ಸಿಲಿಕೋನ್ ಗ್ರೀಸ್ ಮಾತ್ರ. ಬೇರಿಂಗಿನ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡಿನ ಕಿವಿ (ಎರಡು ತುದಿಯ ಚಾಚು) ಕೂರುವ ಜಾಗವನ್ನೂ ಉಜ್ಜಿ. ಪ್ಯಾಡ್ ಬೆರಳಿನಿಂದ ತಳ್ಳಿದರೆ ಸರಿದಾಡಬೇಕು, ಸುತ್ತಿಗೆ ಬೇಕಾಗಬಾರದು.

ಮೂರು ವರ್ಷವಾದ್ದರಿಂದ ಬ್ರೇಕ್ ಆಯಿಲನ್ನೂ ಪೂರ್ತಿ ಬದಲಿಸಿ, ಒಂದು ಲೀಟರ್ ಸಾಕು. ಅದು ಗಾಳಿಯ ನೀರನ್ನು ಹೀರುತ್ತದೆ, ಹಾಗಾಗಿ ಕಿ.ಮೀ. ಎಷ್ಟೇ ಇರಲಿ, ಕರಾವಳಿಯಲ್ಲಿ ಎರಡು ವರ್ಷ ದಾಟಿಸಬೇಡಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ಘಟಕದಲ್ಲಿ ಸಿಕ್ಕಿದ ಏರ್ ಹೊರಬರಲು ಸ್ಕ್ಯಾನರ್ ಜೋಡಿಸಿ ಅದರ ವಾಲ್ವ್‌ಗಳನ್ನು ಆಡಿಸಬೇಕಾಗಬಹುದು. ಕ್ಯಾಲಿಪರ್ ಬಿಚ್ಚಿ ಹಾಕಿದ್ದರೆ ಏರ್ ತೆಗೆಯುವ ನಿಪ್ಪಲ್ ಮೇಲ್ಭಾಗದಲ್ಲಿದೆಯೇ ನೋಡಿ. ಎಡಬಲ ಅದಲುಬದಲಾಗಿ ನಿಪ್ಪಲ್ ಕೆಳಗೆ ಬಂದರೆ ಏರ್ ಮೇಲೆಯೇ ಉಳಿಯುತ್ತದೆ.

ಬೂಸ್ಟರ್ (ಪೆಡಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ) ಬದಲಿಸಿ ಎಂದು ಯಾರಾದರೂ ಹೇಳಿದರೆ ಕಾರಣ ಕೇಳಿ. ವ್ಯಾಕ್ಯೂಮ್ ಪಂಪ್ ಅಥವಾ ಎಲೆಕ್ಟ್ರಿಕ್ ಬೂಸ್ಟರ್ ಕೆಟ್ಟರೆ ಪೆಡಲ್ ಸಾಮಾನ್ಯವಾಗಿ ಕಲ್ಲಿನಂತಾಗುತ್ತದೆ, ಮೆತ್ತಗಾಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನಿಂದ ಬರುವಾಗ ಸಕಲೇಶಪುರದಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಂಡೆವು. ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಸರಿಯಾಗಿ ಹಿಡಿಯಲಿಲ್ಲ ಎನಿಸಿತು. ಊರಿಗೆ ಬಂದ ಮೇಲೆ ಎಲ್ಲ ಸರಿ. ದೋಷವೇ?
ಓದುಗರು, ಉಡುಪಿ

ಉತ್ತರ: ಬ್ಯಾಟರಿ ತುಂಬಿರುವಾಗ ಮೋಟಾರ್ ಹುಟ್ಟಿಸುವ ಶಕ್ತಿಗೆ ಜಾಗವಿಲ್ಲ. ಆದ್ದರಿಂದ ಗಾಡಿ ಮೋಟಾರಿನ ಬ್ರೇಕನ್ನು ಕಡಿಮೆ ಮಾಡುತ್ತದೆ, ಆಕ್ಸಲರೇಟರಿನಿಂದ ಕಾಲು ತೆಗೆದ ಕೂಡಲೇ ಸಿಗುತ್ತಿದ್ದ ಹಿಡಿತ ಸಿಗುವುದಿಲ್ಲ, ಭಾರವೆಲ್ಲ ಡಿಸ್ಕಿನ ಮೇಲೆ. ಘಾಟಿ ಇಳಿಯುವ ಮೊದಲು 80 ಶೇಕಡಕ್ಕೇ ಚಾರ್ಜ್ ನಿಲ್ಲಿಸಿ. ಇಳಿಜಾರಿನಲ್ಲಿ ಚಾರ್ಜ್ ತಾನಾಗಿ ಏರುತ್ತದೆ, ನೀವು ಕಳೆದುಕೊಳ್ಳುವುದು ಏನೂ ಇಲ್ಲ.

ಮುಂದಿನ ಸಲ ಪಾದಕ್ಕೆ ಏನು ಅನುಭವವಾಗುತ್ತದೆ ಎಂದು ಗಮನಿಸಿ. ಪೆಡಲ್ ಗಟ್ಟಿಯಾಗಿದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದಿದೆ. ಪೆಡಲೇ ಮೆತ್ತಗಾದರೆ ಬ್ರೇಕ್ ಆಯಿಲಿನ ನೀರು ಕುದಿದು ಆವಿಯಾಗಿದೆ, ಇದು ಹೆಚ್ಚು ಅಪಾಯ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. 3.7 ಶೇಕಡ ನೀರು ಸೇರಿದಾಗ ಅದೇ ಮಿತಿ 155 ಡಿಗ್ರಿ. ಪೆಡಲ್ ಹೀಗೆ ಮೆತ್ತಗಾದರೆ ಅದನ್ನು ಪದೇಪದೇ ಒತ್ತಿ ಒತ್ತಡ ಏರಿಸಿ, ಅಗಲ ಜಾಗ ನೋಡಿ ನಿಲ್ಲಿಸಿ, ತಣಿಯಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ ಅಥವಾ ಬಿರಿಯುತ್ತದೆ. ತಣಿದು ಪೆಡಲ್ ಗಟ್ಟಿಯಾದರೂ ಊರು ಸೇರಿದ ಮೇಲೆ ಆಯಿಲ್ ಬದಲಿಸಲೇಬೇಕು.

ಪ್ರಶ್ನೆ: ಕಳೆದ ವರ್ಷ ತೆರೆದ ಡಾಟ್ 4 ಅರ್ಧ ಬಾಟಲಿ ಉಂಟು. ಬಳಸಬಹುದೇ? ಡಾಟ್ 5 ಅದಕ್ಕಿಂತ ಒಳ್ಳೆಯದೇ?
ಓದುಗರು, ಕುಂದಾಪುರ

ಉತ್ತರ: ಎರಡೂ ಬೇಡ. ತೆರೆದ ಬಾಟಲಿ ಒಂದು ಮಳೆಗಾಲ ಕಳೆದರೆ ನೀರು ಕುಡಿದಿರುತ್ತದೆ, ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ಸರಿ. ಡಾಟ್ 5 ಸಿಲಿಕೋನ್ ಆಧಾರಿತ, ಡಾಟ್ 4ರ ಜತೆ ಬೆರೆಯುವುದಿಲ್ಲ, ಎಬಿಎಸ್ ಇರುವ ಗಾಡಿಗೆ ಅದು ಸಲ್ಲದು. ಡಾಟ್ 5.1 ಬೇರೆಯೇ ವಸ್ತು. ರಸಾಯನದ ಲೆಕ್ಕದಲ್ಲಿ ಅದು ಡಾಟ್ 4ಕ್ಕೆ ಹೊಂದುತ್ತದೆ, ಆದರೂ ಗಾಡಿಯಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ. ಸುರಿಯುವಾಗ ಪೇಂಟಿನ ಮೇಲೆ ಹನಿ ಬಿದ್ದರೆ ಒರೆಸಬೇಡಿ, ತಕ್ಷಣ ಧಾರಾಳ ನೀರು ಹೊಯ್ಯಿರಿ.